ಆ ಪದ್ಯದಲ್ಲಿ ಅಶ್ಲೀಲ ಎಲ್ಲಿದೆ, ಮಾಷ್ಟ್ರೇ?

ಕಾಸರಗೋಡಿನ ಬದಿಯಡ್ಕದ ನಿವೃತ್ತ ಮಾಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಮಗುವಿಗೆ ಹಾಲೂಡುವ ತಾಯಿಯ ಪದ್ಯ ಹಾಕಿದ್ದೀರಿ. ಮೊಲೆ ಎಂಬ ಮಾತು ಮತ್ತೆ ಮತ್ತೆ ಬಂದಿದೆ. ಇದು ಅಶ್ಲೀಲವಲ್ಲದೆ ಇನ್ನೇನು? ಪೋರ್ನೋಗ್ರಫಿ ವಿರುದ್ಧ ಕಾನೂನು ಬೇಕೆಂದು ಸ್ತ್ರೀವಾದಿಗಳೇ ಹೋರಾಡಿದ್ದಾರಲ್ಲ?"

ಹೋರಾಡಿದ್ದು ನಿಜ ಮಾಷ್ಟ್ರೇ. ನೀವು ಇಷ್ಟು ಓದಿಕೊಂಡು ಬರೆದದ್ದು ಖುಷಿಯಾಯಿತು. ಆದರೆ ಇನ್ನೊಂದೆರಡು ಪುಟ ಮುಂದೆ ಓದಬೇಕಿತ್ತು.

1983ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಸ್ತ್ರೀವಾದಿಗಳಾದ ಆಂಡ್ರಿಯಾ ಡ್ವರ್ಕಿನ್ ಮತ್ತು ಕ್ಯಾಥರಿನ್ ಮೆಕಿನನ್ ಪೋರ್ನೋಗ್ರಫಿ ವಿರುದ್ಧ ಒಂದು ಕಾನೂನು ಬರೆದುಕೊಟ್ಟರು. ಅದರಲ್ಲಿ ಬರಿಮೈ ತಪ್ಪಲ್ಲ. ಹೆಣ್ಣನ್ನು ವಸ್ತುವಿನಂತೆ, ನೋವು ಅವಮಾನಗಳನ್ನೇ ಸುಖವೆಂದುಕೊಳ್ಳುವವಳಂತೆ ತೋರಿಸಿ ಕೀಳುಮಾಡುವ ಲೈಂಗಿಕ ಚಿತ್ರ, ಬರಹಗಳೇ ಪೋರ್ನೋಗ್ರಫಿ. ಪೊಲೀಸರು ಬಂದು ಹಿಡಿಯುವ ಮಾತೂ ಇರಲಿಲ್ಲ. ಹಾನಿಯಾದ ಹೆಂಗಸು ತಾನೇ ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದಿತ್ತು. ಮೇಯರ್ ಒಪ್ಪಲಿಲ್ಲ. ಮರುವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಅಂಥದೇ ಕಾನೂನು ಬಂತು, ಕೋರ್ಟಿನಲ್ಲಿ ಬಿದ್ದುಹೋಯಿತು.

ಎಲೆನ್ ವಿಲ್ಲಿಸ್‌ರಂಥ ಸ್ತ್ರೀವಾದಿಗಳೂ ಈ ದಾರಿಯನ್ನು ವಿರೋಧಿಸಿದರು. ಸರ್ಕಾರದ ಕೈಗೆ ಕತ್ತರಿ ಕೊಟ್ಟರೆ ಹೆಂಗಸರ ಮಾತಿಗೇ ಕುತ್ತು ಎಂಬ ಭಯ ಆ ಕಡೆಯವರದು. ಭಯಕ್ಕೆ ಕಾರಣವಿದೆ. ಆದರೂ ನನ್ನ ಮನಸ್ಸು ಮೆಕಿನನ್ ಕಡೆಗೇ. ಚಿತ್ರದಲ್ಲಿರುವ ಹೆಂಗಸಿಗೆ ಏನಾಯಿತು ಅಂತ ಕೇಳಿದವರು ಅವರು. ಅಶ್ಲೀಲ ಯಾವುದೆಂದು ಅಳೆಯಲು ನಮ್ಮ ಸುಪ್ರೀಂ ಕೋರ್ಟ್ 1965ರಲ್ಲಿ ಇಂಗ್ಲೆಂಡಿನ 1868ರ ಅಳತೆಗೋಲನ್ನೇ ಹಿಡಿಯಿತು: ಓದುವವನ ಮನಸ್ಸು ಕೆಡುತ್ತದೆಯೇ? 2014ರಲ್ಲಿ ಅದನ್ನು ಬಿಟ್ಟು, ಸಮಾಜದ ಈಗಿನ ಮಟ್ಟ ನೋಡಿ ಎಂದಿತು. ಅಲ್ಲೂ ಚಿಂತೆಯೆಲ್ಲ ನೋಡುವವರದೇ, ಅಲ್ವಾ?

ಹೀಗೆ ಅಳೆದರೆ ಏನಾಗುತ್ತದೆ ಎಂಬುದನ್ನು ಗಾಯಕಿ ಬೆಂಗಳೂರು ನಾಗರತ್ನಮ್ಮ ಅನುಭವಿಸಿದ್ದರು. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಕಾವ್ಯವನ್ನು ಅವರು 1910ರಲ್ಲಿ ಅಚ್ಚು ಹಾಕಿಸಿದರು. ರಾಧೆಯ ಬಯಕೆಯನ್ನು ಹೆಣ್ಣೊಬ್ಬಳು ಬಾಯಿಬಿಟ್ಟು ಹೇಳಿದ ಕಾವ್ಯ. ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ನಿಷೇಧ ಹಾಕಿತು. ಅದಕ್ಕಿಂತ ಹಸಿಯಾಗಿ ಬರೆದ ಗಂಡು ಕವಿಗಳ ಕಾವ್ಯಗಳನ್ನು ಪಂಡಿತರು ಆರಾಮಾಗಿ ಓದುತ್ತಿದ್ದರು. ನಾಚಿಕೆ ಹೆಂಗಸರಿಗೆ ಮಾತ್ರವೇ ಅಂತ ನಾಗರತ್ನಮ್ಮ ನೇರವಾಗಿ ಕೇಳಿದರು. ನಿಷೇಧ ತೆಗೆಯಲು 1947 ಬರಬೇಕಾಯಿತು.

ಈಗ ನಮ್ಮ ಊರಿನ ಮಾತು. ನನಗೆ ಗೊತ್ತಿರುವ ಹುಡುಗಿಯೊಬ್ಬಳ ವಿಡಿಯೊವನ್ನು ಅವಳು ನಂಬಿದ್ದವನೇ ವಾಟ್ಸಾಪಿಗೆ ಬಿಟ್ಟ. ಐಟಿ ಕಾಯ್ದೆಯ 66ಇ ಕಲಮು ಇಂಥಲ್ಲಿ ಹೆಣ್ಣಿನ ಒಪ್ಪಿಗೆ ಇತ್ತೇ ಎಂದು ಕೇಳುತ್ತದೆ, ಮೂರು ವರ್ಷದವರೆಗೆ ಜೈಲಿದೆ. ಠಾಣೆಯಲ್ಲಿ ಅವಳನ್ನು ಮೊದಲು ಕೇಳಿದ್ದು, ನೀನು ಯಾಕೆ ತೆಗೆಯಲು ಬಿಟ್ಟೆ ಅಂತ. ಅವಳಿಗೆ ಮಲಯಾಳ ಸರಿಯಾಗಿ ಬಾರದು. ಪಕ್ಕದ ಮನೆಯ ಗಂಡಸೊಬ್ಬರನ್ನು ಕೂರಿಸಿಕೊಂಡು, ಒಂದೊಂದನ್ನೂ ಅವರಿಗೆ ಕನ್ನಡದಲ್ಲಿ ಹೇಳಬೇಕಾಯಿತು, ಅವರು ಮಲಯಾಳದಲ್ಲಿ ಬರೆಸಿದರು. ಮೈಯೆಲ್ಲ ಮುದುಡಿಕೊಂಡು ಕೂತಿದ್ದಳು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಕನ್ನಡ ಅರ್ಜಿ, ಕನ್ನಡ ಬೋರ್ಡು ಅಂತ ಕೇಳುತ್ತಲೇ ಇದ್ದೇವೆ. ಅವಮಾನವನ್ನು ತನ್ನ ಭಾಷೆಯಲ್ಲಿ, ಇನ್ನೊಬ್ಬ ಹೆಂಗಸಿಗೆ ಹೇಳಿಕೊಳ್ಳುವ ಹಕ್ಕು ಆ ಪಟ್ಟಿಯಲ್ಲಿ ಯಾಕಿಲ್ಲ? ಮನೆಗೆ ಬಂದ ಮೇಲೆ ಅವಳ ಫೋನು ಕಿತ್ತುಕೊಂಡರು. ವಿಡಿಯೊ ಹಂಚಿದವರ ಫೋನು ಹಾಗೇ ಇದೆ. ಅದರ ಬಗ್ಗೆ ಈ ಪತ್ರಿಕೆಗೆ ಒಂದು ಪತ್ರವೂ ಬರಲಿಲ್ಲ, ಮಾಷ್ಟ್ರೇ. ಬಂದದ್ದು ಹಾಲೂಡುವ ತಾಯಿಯ ಮೇಲೆ.

ಆ ಕವಯಿತ್ರಿಯ ಇನ್ನೂ ಎರಡು ಪದ್ಯ ನನ್ನಲ್ಲಿವೆ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಮನೆಯ ಹೆಂಗಸರಿಗೆ ಮೊದಲು ಓದಲು ಕೊಡಿ. ಅವರು ಏನಂದರು ಅಂತ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.