ಫಿಟ್ಸ್ ಮಾತ್ರೆಯಿಂದ ಮೈಮೇಲೆ ಬೊಬ್ಬೆ ಎದ್ದು ಚರ್ಮ ಸುಲಿದರೆ ಚಿಕಿತ್ಸೆ ಏನು?

ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥ ಮಾತ್ರೆ ಶುರುವಾಗಿ ಸಾಮಾನ್ಯವಾಗಿ 4ರಿಂದ 28 ದಿನಗಳೊಳಗೆ ಜ್ವರ, ಕಣ್ಣುರಿ, ಬಾಯಿಹುಣ್ಣಿನೊಂದಿಗೆ ಚರ್ಮ ನೋಯತೊಡಗಿದರೆ ಬರೀ ಅಲರ್ಜಿ ಎಂದು ಸುಮ್ಮನಿರಬೇಡಿ. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅಂದರೆ ಔಷಧದಿಂದ ಚರ್ಮ, ಬಾಯಿ, ಕಣ್ಣಿನ ಪದರ ಸುಲಿಯುವ ಪ್ರಾಣಾಪಾಯದ ಕಾಯಿಲೆ ಇರಬಹುದು. ಮುಂದಿನ ಮಾತ್ರೆ ನುಂಗುವ ಮೊದಲೇ ದೊಡ್ಡ ಆಸ್ಪತ್ರೆಗೆ ಧಾವಿಸಿ. ಮಾತ್ರೆಯ ಚೀಟಿಗಳೆಲ್ಲ ಕೈಯಲ್ಲಿರಲಿ.

ಕಾರಣವಾದ ಔಷಧವನ್ನು ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಫಿಟ್ಸ್ ಮರುಕಳಿಸದಂತೆ ವೈದ್ಯರು ಬೇರೆ ಬಗೆಯ ಔಷಧ ಕೊಡುತ್ತಾರೆ. ಸುಲಿದ ಮೈಗೆ ಸುಟ್ಟಗಾಯದ್ದೇ ಆರೈಕೆ: ಅಂಟದ ಡ್ರೆಸ್ಸಿಂಗ್, ದ್ರವ, ನೋವುನಿವಾರಕ, ಸೋಂಕಿನ ಮೇಲೆ ನಿಗಾ. ಕೆಲವರಿಗೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಔಷಧ ಕೊಡುವುದೂ ಉಂಟು.

ಕಣ್ಣನ್ನು ಮಾತ್ರ ದಯವಿಟ್ಟು ಮರೆಯಬೇಡಿ. ರೆಪ್ಪೆಯ ಒಳಪದರ ಗುಡ್ಡೆಗೆ ಅಂಟಿಕೊಂಡು, ಚರ್ಮ ವಾಸಿಯಾದ ಮೇಲೂ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ಆದ್ದರಿಂದ ಕಣ್ಣಿನ ವೈದ್ಯರನ್ನು ಮೊದಲ ದಿನವೇ ಕರೆಸುವಂತೆ ಒತ್ತಾಯಿಸಿ.