ಫ್ರ್ಯಾಂಟಿಕ್, ಫ್ರೆನೆಟಿಕ್, ಬರ್ಸರ್ಕ್: ಯಾವುದು ಎಲ್ಲಿ?

ಇಂಗ್ಲಿಷಿನ ಫ್ರ್ಯಾಂಟಿಕ್, ಫ್ರೆನೆಟಿಕ್ ಪದಗಳನ್ನು ಕನ್ನಡಕ್ಕೆ ಅನುವಾದಿಸುವಾಗ ಎರಡಕ್ಕೂ ‘ಹುಚ್ಚೆದ್ದು’ ಎಂದು ಬರೆದರೆ ಸಾಕೇ ಅಂತ ಕೇಳಿದ್ದೀರಿ. ಸಾಲದು. ಎರಡರ ಬೇರೂ ಒಂದೇ ಗ್ರೀಕ್ ಪದ, ಆದರೆ ಇಂದಿನ ಬಳಕೆ ಬೇರೆ. ಫ್ರ್ಯಾಂಟಿಕ್‌ನಲ್ಲಿ ಹೆಚ್ಚಾಗಿ ಆತಂಕ ಇರುತ್ತದೆ: ಜನಜಂಗುಳಿಯಲ್ಲಿ ಮಗುವಿನ ಕೈತಪ್ಪಿದ ತಾಯಿ ಹೆಸರು ಕೂಗುತ್ತಾ ಕಂಡಕಂಡವರನ್ನು ಹಿಡಿದು ಕೇಳುತ್ತಾಳಲ್ಲ, ಅದು. ‘ಕಂಗಾಲಾಗಿ’ ಅನ್ನಿ, ಸರಿಹೋಗುತ್ತದೆ. ಫ್ರೆನೆಟಿಕ್‌ಗೆ ಭಯ ಬೇಕಿಲ್ಲ, ವೇಗ ಮತ್ತು ಗಡಿಬಿಡಿ ಸಾಕು. ಡ್ರಮ್ಮಿನ ಬಡಿತಕ್ಕೂ ಒಪ್ಪುತ್ತದೆ. ಬರ್ಸರ್ಕ್ ಅಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುವ ರೌದ್ರಾವೇಶ. ಸಾಮಾನ್ಯವಾಗಿ ‘ಗೋ’ ಕ್ರಿಯಾಪದದ ಜೊತೆ ಬರುತ್ತದೆ. ಡಿಲಿರಿಯಸ್, ಜ್ವರ ನೆತ್ತಿಗೇರಿದಾಗಿನ ಬಡಬಡಿಕೆ. ಮ್ಯಾಡ್ ಬಗ್ಗೆ ಮಾತ್ರ ತುಂಬ ಹುಷಾರು: ಅಮೆರಿಕದವರ ಬಾಯಲ್ಲಿ ಅದು ಹೆಚ್ಚಾಗಿ ಬರೀ ‘ಸಿಟ್ಟು’. ಮುಂದೆ ‘ಆ್ಯಟ್’ ಇದ್ದು ಅದು ವ್ಯಕ್ತಿಯನ್ನು ಕುರಿತಿದ್ದರೆ ‘ಹುಚ್ಚ’ ಎಂದು ಅನುವಾದಿಸಲೇಬೇಡಿ.