14 ತಿಂಗಳ ಮಗುವನ್ನು ಏಳು ರಾತ್ರಿಯ ಕ್ರೂಸ್‌ಗೆ ಕರೆದುಕೊಂಡು ಹೋಗಬಹುದೇ?

ಹಡಗು ಹತ್ತುವ ದಿನಕ್ಕೆ ಮಗಳಿಗೆ 14 ತಿಂಗಳು ತುಂಬಿರುತ್ತದೆ, ಈಗಾಗಲೇ ಹಿಡಿದುಕೊಂಡು ನಡೆಯುತ್ತಿದ್ದಾಳೆ, ಅತ್ತೆ-ಮಾವ ಎಲ್ಲರಿಗೂ ಸೇರಿಸಿ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಾರೆ, ಹೋಗಲೋ ಬೇಡವೋ ಎಂದು ಕೇಳಿದ್ದೀರಿ. ಪೂರ್ತಿ ಹಣ ಇನ್ನೂ ಕಟ್ಟಿಲ್ಲ ಎಂದೂ ಬರೆದಿದ್ದೀರಿ. ಅದು ಒಳ್ಳೆಯದೇ ಆಯಿತು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಕ್ಯಾಬಿನ್‌ನದು, ಅದನ್ನು ಈಗ ಬದಲಿಸಬಹುದು, ಹಡಗು ಹೊರಟ ಮೇಲೆ ಕಷ್ಟ.

ನನ್ನ ಮಗನನ್ನು ಎರಡು ಸಲ ಕರೆದುಕೊಂಡು ಹೋಗಿದ್ದೇನೆ. ಮೊದಲ ಸಲ ಅವನಿಗೆ ಎಂಟು ತಿಂಗಳು, ಎರಡನೇ ಸಲ 22 ತಿಂಗಳು. ಮೊದಲನೆಯದು ಹೂವೆತ್ತಿದ ಹಾಗೆ ಕಳೆದುಹೋಯಿತು. ಎದೆಗೆ ಕಟ್ಟಿಕೊಂಡು ಓಡಾಡಿದೆವು, ಅವನು ದಿನಕ್ಕೆ ಮೂರು ಸಲ ಮಲಗಿದ, ಎದ್ದಾಗಲೆಲ್ಲ ಸುತ್ತ ಹೊಸ ಮುಖಗಳು. ಅದೇ ಧೈರ್ಯದಲ್ಲಿ ಎರಡನೆಯದನ್ನೂ ಬುಕ್ ಮಾಡಿದೆವು, ಆದರೆ ನಡುವೆ ಅವನು ಓಡಲು ಕಲಿತಿದ್ದ. ಓಡುವ ಮಗುವಿಗೆ ಹಡಗು ಬೇರೆಯದೇ ಜಾಗ. ಮೆಟ್ಟಿಲು, ಒದ್ದೆ ನೆಲ, ಬಿಸಿ ತಟ್ಟೆ ಹಿಡಿದು ಬರುವ ಜನ, ಕಂಬಿಗಳು. ನಿಮ್ಮ ಮಗಳು ಈ ಎರಡರ ನಡುವೆ ಇದ್ದಾಳೆ, ಆದ್ದರಿಂದ ನನ್ನ ಉತ್ತರ: ಹೋಗಿ, ಆದರೆ ಓಡುವ ಮಗುವಿಗೆಂದೇ ತಯಾರಾಗಿ ಹೋಗಿ.

ಮೊದಲು ವಯಸ್ಸಿನ ನಿಯಮ. ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೇಜಿಯನ್‌ನಂಥ ದೊಡ್ಡ ಕಂಪನಿಗಳಲ್ಲಿ ಹಡಗು ಹೊರಡುವ ದಿನಕ್ಕೆ ಮಗುವಿಗೆ ಕನಿಷ್ಠ ಆರು ತಿಂಗಳು ಆಗಿರಬೇಕು. ಅಟ್ಲಾಂಟಿಕ್ ದಾಟುವಂಥ ದೂರದ ಯಾನಗಳಿಗೆ 12 ತಿಂಗಳು. ಆಸ್ಪತ್ರೆಯಿಂದ ದಿನಗಟ್ಟಲೆ ದೂರ ಇರುತ್ತೀರಿ ಎಂಬುದೇ ಇದರ ಹಿಂದಿನ ಕಾರಣ. ನಿಮಗೆ 14 ತಿಂಗಳು, ಹಾಗಾಗಿ ತೊಂದರೆಯಿಲ್ಲ. ಆದರೂ ಕಂಪನಿಯ ಹೆಸರನ್ನು ಒಮ್ಮೆ ನೋಡಿಕೊಳ್ಳಿ. ವೈಕಿಂಗ್, ವರ್ಜಿನ್ ವಾಯೇಜಸ್ ಹಡಗುಗಳಿಗೆ 18 ದಾಟಿದವರಿಗೆ ಮಾತ್ರ ಪ್ರವೇಶ, ಹಿರಿಯರು ಬುಕ್ ಮಾಡುವಾಗ ಇದು ಗಮನಕ್ಕೆ ಬಾರದೇ ಹೋಗಬಹುದು. ಇನ್ನೊಂದು ವಿಷಯ: ವಿಮಾನದಲ್ಲಿ ಎರಡು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂತು ಬರಬಹುದು, ಹಡಗಿನಲ್ಲಿ ಹಾಗಿಲ್ಲ. ಎಷ್ಟೇ ಚಿಕ್ಕ ಕೂಸಾದರೂ ಲೈಫ್‌ಬೋಟಿನ ಲೆಕ್ಕದಲ್ಲಿ ಒಂದು ತಲೆ. ಬುಕಿಂಗ್‌ನಲ್ಲಿ ಮಗಳ ಹೆಸರು ಇದೆಯೇ, ನಿಮ್ಮ ಕ್ಯಾಬಿನ್ ಮೂವರಿಗೆ ಎಂದು ನಮೂದಾಗಿದೆಯೇ ಎಂದು ಮಾವನವರನ್ನು ಕೇಳಿ. ಇಲ್ಲದಿದ್ದರೆ ಬಂದರಿನಲ್ಲಿ ತಡೆಯುತ್ತಾರೆ.

ಈಗ ಕ್ಯಾಬಿನ್. ಒಳಗಿನ, ಕಿಟಕಿಯಿಲ್ಲದ ಕೋಣೆ ಅಗ್ಗ, ಕತ್ತಲೂ ಚೆನ್ನಾಗಿರುತ್ತದೆ, ಮಗು ಗಾಢವಾಗಿ ಮಲಗುತ್ತದೆ. ನಾವು ಎರಡನೇ ಸಲ ಅದನ್ನೇ ತೆಗೆದುಕೊಂಡಿದ್ದೆವು. ಸಂಜೆ ಏಳೂವರೆಗೆ ಮಗ ಮಲಗಿದರೆ ದೀಪ ಆರಿಸಿ, ಉಸಿರು ಬಿಗಿಹಿಡಿದು, ಹಾಸಿಗೆಯ ಮೇಲೆ ಕೂತಿರುವುದಷ್ಟೇ ನಮ್ಮ ಕೆಲಸ. ಆರು ರಾತ್ರಿ ಹಾಗೇ ಕಳೆದೆವು. ಮೊದಲ ಸಲ ಬಾಲ್ಕನಿ ಇತ್ತು. ಅವನು ಒಳಗೆ ಮಲಗಿದ್ದರೆ ನಾವಿಬ್ಬರೂ ಹೊರಗೆ ಕೂತು ಸಮುದ್ರ ನೋಡುತ್ತ ಊಟ ಮಾಡಿದೆವು, ಎಷ್ಟೋ ತಿಂಗಳಿಂದ ಆಡದೇ ಉಳಿದ ಮಾತುಗಳನ್ನು ಆಡಿದೆವು. ಚಿಕ್ಕ ಮಗುವಿರುವವರು ಹಣ ಹೆಚ್ಚು ಕೊಡುವುದಾದರೆ ಬೇರೆ ಯಾವುದಕ್ಕೂ ಅಲ್ಲ, ಬಾಲ್ಕನಿಗೇ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ಬಾಲ್ಕನಿಯ ಬಗ್ಗೆ ಕಟ್ಟುನಿಟ್ಟಾಗಿರಿ. ಅಮೆರಿಕದ ಬಂದರುಗಳಿಗೆ ಬರುವ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಕಂಬಿ ಕನಿಷ್ಠ 42 ಅಂಗುಲ ಎತ್ತರ ಇರಬೇಕೆಂದು 2010ರ ಕಾಯ್ದೆ ಹೇಳುತ್ತದೆ. ನಿಂತ ಮಗುವಿಗೆ ಅದು ಸಾಕಷ್ಟು ಎತ್ತರವೇ. ಪಕ್ಕದಲ್ಲಿ ಒಂದು ಕುರ್ಚಿ ಇದ್ದರೆ ಆ ಎತ್ತರಕ್ಕೆ ಅರ್ಥವಿಲ್ಲ. ಕುರ್ಚಿ, ಮೇಜು ಎಲ್ಲವನ್ನೂ ಕಂಬಿಯಿಂದ ದೂರ, ಕೋಣೆಯ ಗೋಡೆಗೆ ಒತ್ತಿ ಇಡಿ. ಮಗಳು ಎಚ್ಚರವಾಗಿರುವಾಗ ಬಾಲ್ಕನಿ ಬಾಗಿಲಿನ ಚಿಲಕ ಹಾಕಿಯೇ ಇರಲಿ. ಅವಳನ್ನು ಎತ್ತಿಕೊಂಡು ಕಂಬಿಯ ಮೇಲೆ ಕೂರಿಸಿ ಸಮುದ್ರ ತೋರಿಸುವುದು ಯಾರೂ ಮಾಡಬಾರದು. ಅಜ್ಜ-ಅಜ್ಜಿಗೂ ಇದನ್ನು ಮೊದಲೇ, ಮುಜುಗರಪಡದೆ ಹೇಳಿ.

ಕ್ಯಾಬಿನ್ ಆರಿಸುವಾಗ ಹಡಗಿನ ಉದ್ದದಲ್ಲಿ ನಟ್ಟನಡುವೆ, ಕೆಳಗಿನ ಡೆಕ್ಕುಗಳಲ್ಲಿ ಇರುವುದನ್ನು ಕೇಳಿ, ಓಲಾಟ ಅಲ್ಲಿ ಕಡಿಮೆ. ಮೇಲೆ ಅಥವಾ ಕೆಳಗೆ ನಾಟ್ಯಶಾಲೆ, ಈಜುಕೊಳ, ಅಡುಗೆಮನೆ ಇರದ ಹಾಗೆ ಡೆಕ್ಕಿನ ನಕ್ಷೆ ನೋಡಿಕೊಳ್ಳಿ. ಮೇಲಿನ ಡೆಕ್ಕಿನಲ್ಲಿ ಬೆಳಗಿನ ಐದಕ್ಕೆ ಕುರ್ಚಿ ಎಳೆಯುವ ಸದ್ದಿಗೆ ಎದ್ದ ಮಗುವನ್ನು ಮತ್ತೆ ಮಲಗಿಸಲಾಗುವುದಿಲ್ಲ. ತೊಟ್ಟಿಲನ್ನು ಸಾಮಾನ್ಯವಾಗಿ ಪ್ರತ್ಯೇಕ ಹಣವಿಲ್ಲದೆ ಕೊಡುತ್ತಾರೆ, ಆದರೆ ಸಂಖ್ಯೆ ಸೀಮಿತ, ಮೊದಲೇ ಬರೆಸಿಡಿ. ಹೆಚ್ಚಿನ ಕ್ಯಾಬಿನ್‌ಗಳಲ್ಲಿ ಇಕ್ಕಟ್ಟಾದ ಶವರ್ ಮಾತ್ರ, ಕೂರಿಸಿ ಸ್ನಾನ ಮಾಡಿಸಲು ಜಾಗವಿಲ್ಲ. ಗಾಳಿ ತುಂಬುವ ಪುಟ್ಟ ಸ್ನಾನದ ತೊಟ್ಟಿ ಒಯ್ಯಿರಿ. ಕ್ಯಾಬಿನ್ ಗೋಡೆಗಳು ಬಹುತೇಕ ಲೋಹದವು, ಆಯಸ್ಕಾಂತದ ಕೊಕ್ಕೆ ನಾಲ್ಕಿದ್ದರೆ ಒದ್ದೆ ಬಟ್ಟೆ, ಚೀಲ ಎಲ್ಲ ನೆಲದಿಂದ ಮೇಲೇರುತ್ತವೆ. ನೆಲ ಖಾಲಿಯಿದ್ದಷ್ಟೂ ಮಗುವಿಗೆ ಆಡಲು ಜಾಗ.

ನಿಮಗೆ ನಿರಾಸೆಯಾಗಬಹುದಾದದ್ದು ಈಜುಕೊಳ. ಮಗಳು ನೀರಿನಲ್ಲಿ ಆಡುತ್ತಾಳೆ ಎಂದು ಆಸೆಯಿಂದ ಬರೆದಿದ್ದೀರಿ. ಡೈಪರ್ ಬಿಡದ ಮಕ್ಕಳನ್ನು ಹಡಗಿನ ಸಾಮಾನ್ಯ ಕೊಳಗಳಿಗೆ, ಬಿಸಿನೀರಿನ ತೊಟ್ಟಿಗಳಿಗೆ ಬಿಡುವುದಿಲ್ಲ. ಈಜಲೆಂದೇ ಬರುವ ಡೈಪರ್ ಹಾಕಿದರೂ ಇಲ್ಲ. ಆ ಡೈಪರ್ ಗಟ್ಟಿ ಮಲವನ್ನು ಹಿಡಿಯುತ್ತದೆ, ರೋಗಾಣುಗಳನ್ನು ಹಿಡಿಯುವುದಿಲ್ಲ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಏಳು ದಿನಕ್ಕಿಂತ ಹೆಚ್ಚು ಕಾಲ ಬದುಕಿರಬಲ್ಲದು. ಒಂದು ಮಗುವಿನಿಂದ ಇಡೀ ಹಡಗಿಗೇ ಹರಡಬಹುದು, ಹಾಗಾಗಿ ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆದರೆ 22 ತಿಂಗಳ ಮಗನಿಗೆ ಅದನ್ನು ಹೇಗೆ ಹೇಳಲಿ? ಬೇರೆ ಮಕ್ಕಳು ನೀರೆರಚಿಕೊಂಡು ಕುಣಿಯುವುದನ್ನು ನೋಡಿ ದಿನವೂ ರಚ್ಚೆ ಹಿಡಿದ. ಕೊನೆಗೆ ಕೊಳದ ಡೆಕ್ಕಿನ ಕಡೆ ಹೋಗುವುದನ್ನೇ ಬಿಟ್ಟು, ಸುತ್ತು ಬಳಸಿ ಊಟಕ್ಕೆ ಹೋಗುತ್ತಿದ್ದೆವು. ಡಿಸ್ನಿಯ ಹಡಗುಗಳಲ್ಲಿ, ರಾಯಲ್ ಕೆರಿಬಿಯನ್‌ನ ಕೆಲವು ಹಡಗುಗಳಲ್ಲಿ ಡೈಪರ್ ಮಕ್ಕಳಿಗೆಂದೇ ಪ್ರತ್ಯೇಕ ನೀರಾಟದ ಜಾಗವಿದೆ. ನಿಮ್ಮ ಹಡಗಿನ ಹೆಸರು ಹೇಳಿ ಕಂಪನಿಯನ್ನೇ ಕೇಳಿ, ಒಂದೇ ಕಂಪನಿಯ ಎಲ್ಲ ಹಡಗುಗಳೂ ಒಂದೇ ತರಹ ಇರುವುದಿಲ್ಲ.

ಮಕ್ಕಳ ಕ್ಲಬ್ಬಿನದೂ ಇದೇ ಕತೆ. ಜಾಹೀರಾತಿನಲ್ಲಿ ಕಾಣುವ ಕ್ಲಬ್ಬುಗಳು ಹೆಚ್ಚಾಗಿ ಮೂರು ವರ್ಷ ತುಂಬಿದ, ಶೌಚ ಅಭ್ಯಾಸವಾದ ಮಕ್ಕಳಿಗೆ. ಕಾರ್ನಿವಲ್‌ನಲ್ಲಿ ಎರಡು ವರ್ಷದಿಂದ ಸೇರಿಸಿಕೊಳ್ಳುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಶಿಶುವಿಹಾರ ಇದ್ದರೆ ಗಂಟೆಗಿಷ್ಟು ಎಂದು ಬೇರೆ ಹಣ, ಮತ್ತು ಜಾಗ ಬೇಗ ತುಂಬುತ್ತದೆ. ಆನ್‌ಲೈನ್ ಕಾಯ್ದಿರಿಸುವಿಕೆ ತೆರೆದ ದಿನವೇ ಎರಡು ಸಂಜೆ ಹಿಡಿದಿಟ್ಟುಕೊಳ್ಳಿ. ಬೇಡವಾದರೆ ಬಿಟ್ಟುಕೊಡಬಹುದು.

ಹಾಲು-ಊಟದ ವಿಷಯದಲ್ಲಿ ಒಂದೇ ಎಚ್ಚರಿಕೆ: ಪುಡಿ ಹಾಲು, ಡೈಪರ್ ಹಡಗಿನ ಅಂಗಡಿಯಲ್ಲಿ ಸಿಗುತ್ತವೆಂದು ನಂಬಿಕೊಂಡು ಹೋಗಬೇಡಿ. ಏಳು ದಿನಕ್ಕೆ ಬೇಕಾದಷ್ಟು, ಜೊತೆಗೆ ಎರಡು ದಿನಕ್ಕೆ ಹೆಚ್ಚು ಒಯ್ಯಿರಿ. ಕೆಟಲ್‌ನಂಥ ಬಿಸಿಯಾಗುವ ಉಪಕರಣಗಳನ್ನು ಬೆಂಕಿಯ ಭಯದಿಂದ ಹೆಚ್ಚಿನ ಹಡಗುಗಳಲ್ಲಿ ಬಿಡುವುದಿಲ್ಲ, ಬಾಟಲಿ ಬಿಸಿಮಾಡುವ ಯಂತ್ರವನ್ನೂ ಎಷ್ಟೋ ಕಡೆ ತೆಗೆದಿಟ್ಟುಕೊಳ್ಳುತ್ತಾರೆ. ಒಂದು ಒಳ್ಳೆಯ ಫ್ಲಾಸ್ಕ್ ಇರಲಿ, ಊಟದ ಕೋಣೆಯಲ್ಲಿ ಬಿಸಿನೀರು ತುಂಬಿಸಿಕೊಡುತ್ತಾರೆ. ಪುಡಿ ಹಾಲು ಕಲಸುವ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಕಲಸಿದ ಮೇಲೆ ಆರಿಸಿ ಕುಡಿಸಬೇಕು. ರಾತ್ರಿ ಊಟಕ್ಕೆ ಎರಡು ಸರದಿ ಇದ್ದರೆ ಮೊದಲನೆಯದನ್ನೇ ಬರೆಸಿ.

ಈಗ ನನಗೆ ಹೇಳಲೇಬೇಕಾದ ವಿಷಯ. ಎರಡನೇ ಪ್ರವಾಸದ ನಾಲ್ಕನೇ ರಾತ್ರಿ ಮಗನಿಗೆ ವಾಂತಿ ಶುರುವಾಯಿತು, ಬೆಳಗಿನ ಹೊತ್ತಿಗೆ ಭೇದಿ. ಸಮುದ್ರದ ಓಲಾಟಕ್ಕೆ ಹೀಗಾಗಿದೆ ಎಂದು ನಾನು ಅಂದುಕೊಂಡೆ, ಅರ್ಧ ದಿನ ಹಾಳು ಮಾಡಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಓಲಾಟದ ವಾಕರಿಕೆ ಬರುವುದು ಅಪರೂಪ ಎಂಬುದು ಆಮೇಲೆ ತಿಳಿಯಿತು, ಅದು ಹೆಚ್ಚಾಗಿ ಕಾಡುವುದು ಎರಡರಿಂದ ಹನ್ನೆರಡರ ವಯಸ್ಸಿನವರನ್ನು. ಅಂದರೆ ನಿಮ್ಮ ಮಗಳ ವಯಸ್ಸಿನ ಕೂಸು ಹಡಗಿನಲ್ಲಿ ವಾಂತಿ ಮಾಡಿದರೆ ಮೊದಲು ಹೊಟ್ಟೆಯ ಸೋಂಕನ್ನೇ ಸಂದೇಹಿಸಿ. ಹಡಗಿನ ವೈದ್ಯರು ಸಮಾಧಾನದಿಂದ ನೋಡಿದರು, ಆದರೆ ಅವರು ಮಕ್ಕಳ ತಜ್ಞರಲ್ಲ, ಬಿಲ್ಲು ಮಾತ್ರ ನಮ್ಮ ಲೆಕ್ಕಾಚಾರವನ್ನು ಮೀರಿತ್ತು. ಅವನ ಕಣ್ಣು ಒಳಕ್ಕೆ ಹೋಗಿ, ಮಂಕಾಗಿ ನನ್ನ ಭುಜಕ್ಕೆ ಒರಗಿದ್ದ ಆ ಮಧ್ಯಾಹ್ನ ಸುತ್ತ ಎಲ್ಲಿ ನೋಡಿದರೂ ನೀರು, ದಡವೇ ಇಲ್ಲ. ಆ ದಿಗಿಲು ಇನ್ನೂ ನೆನಪಿದೆ.

ಆದ್ದರಿಂದ ಓಆರ್‌ಎಸ್ ಪೊಟ್ಟಣಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವುದು ತಡವಾಗಬಹುದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೂ 50ರಿಂದ 100 ಮಿಲಿಲೀಟರ್, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ. ಎದೆಹಾಲು ಕೊಡುತ್ತಿದ್ದರೆ ನಿಲ್ಲಿಸಬೇಡಿ. ಆರು ಗಂಟೆ ಡೈಪರ್ ಒದ್ದೆಯಾಗದಿದ್ದರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ಬೆಳಗಾಗಲೆಂದು ಕಾಯದೆ ವೈದ್ಯರ ಬಳಿ ಹೋಗಿ. ದೊಡ್ಡವರ ಭೇದಿ ಮಾತ್ರೆ ಕೊಡಲೇಬೇಡಿ. ವಾಕರಿಕೆಗೆ ಕೊಡುವ ಪ್ರೊಮೆಥಜಿನ್ ಕೂಡ ಎರಡು ವರ್ಷದೊಳಗಿನವರಿಗೆ ಸಲ್ಲದು. ಇನ್ನು ಕೈ ತೊಳೆಯುವುದು. ಹಡಗಿನಲ್ಲಿ ಹೆಚ್ಚಾಗಿ ಹರಡುವ ನೋರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು-ನೀರೇ ಬೇಕು. ಮಗಳ ಕೈ ಬಾಯಿಗೆ ಹೋಗುವ ಮುಂಚೆ ತೊಳೆಯಿರಿ, ಊಟದ ಎತ್ತರ ಕುರ್ಚಿಯನ್ನು ನೀವೇ ಒರೆಸಿ. ಲಸಿಕೆಗಳು ಪೂರ್ತಿಯಾಗಿವೆಯೇ ಎಂದು ಒಂದು ತಿಂಗಳ ಮುಂಚೆ ನಿಮ್ಮ ಮಕ್ಕಳ ವೈದ್ಯರ ಬಳಿ ಕೇಳಿ. ಪ್ರಯಾಣ ವಿಮೆಯಲ್ಲಿ ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಎಂದು ಓದಿ ನೋಡಿ. ವಿಮೆ ಇಲ್ಲದೆ ಮಗುವಿನ ಜೊತೆ ಹಡಗು ಹತ್ತುವುದನ್ನು ನಾನು ಒಪ್ಪುವುದಿಲ್ಲ.

ಹತ್ತಿದ ದಿನವೇ ಮಾಡಬೇಕಾದ ಇನ್ನೊಂದು ಕೆಲಸ, ಲೈಫ್ ಜಾಕೆಟ್. 24 ಗಂಟೆ ಮೀರಿದ ಯಾನದಲ್ಲಿ ಹಡಗಿನ ಪ್ರತಿ ಶಿಶುವಿಗೂ ಶಿಶುವಿನದೇ ಜಾಕೆಟ್ ಇರಬೇಕೆಂದು ಸೋಲಾಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಹೇಳುತ್ತದೆ. 15 ಕಿಲೋಗಿಂತ ಕಡಿಮೆ ತೂಕದವರಿಗೆ ಆ ಅಳತೆ. ಕ್ಯಾಬಿನ್ ಕಪಾಟಿನಲ್ಲಿ ದೊಡ್ಡವರದ್ದು ಮಾತ್ರ ಇದ್ದರೆ ಸಿಬ್ಬಂದಿಯನ್ನು ಕೇಳಿ ತರಿಸಿ, ಒಮ್ಮೆ ತೊಡಿಸಿ ನೋಡಿ. ಸುರಕ್ಷತಾ ತಾಲೀಮಿನ ಹೊತ್ತಿಗೆ ಮಗು ಮಲಗಿದೆ ಎಂದು ತಪ್ಪಿಸಿಕೊಳ್ಳಬೇಡಿ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ಬಡಿದ ಕೋಸ್ಟಾ ಕಾಂಕೋರ್ಡಿಯಾದಲ್ಲಿ 32 ಜನ ಸತ್ತರು. ಅದೇ ದಿನ ಹಡಗು ಹತ್ತಿದ್ದ ನೂರಾರು ಜನರಿಗೆ ತಾಲೀಮು ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮುಂಚೆ ಅಥವಾ ಹೊರಟ ತಕ್ಷಣ ತಾಲೀಮು ಆಗಲೇಬೇಕೆಂಬ ನಿಯಮ ಬಂದದ್ದು ಆಮೇಲೆ.

ಬಂದರುಗಳಲ್ಲಿ ಎಲ್ಲ ಕಡೆ ಇಳಿಯಬೇಕಿಲ್ಲ. ಎಲ್ಲರೂ ಇಳಿದು ಹೋದ ಹೊತ್ತಿನಲ್ಲಿ ಹಡಗು ಖಾಲಿ ಖಾಲಿ, ಉದ್ದನೆಯ ಕಾರಿಡಾರಿನಲ್ಲಿ ಮಗಳು ಎಷ್ಟು ಬೇಕಾದರೂ ನಡೆಯಬಹುದು. ನಮ್ಮ ಅತ್ಯಂತ ಒಳ್ಳೆಯ ದಿನಗಳು ಅವೇ. ಇಳಿಯುವುದಾದರೆ ಬೆಳಗ್ಗೆ ಬೇಗ ಇಳಿದು, ಮಧ್ಯಾಹ್ನದ ನಿದ್ದೆಗೆ ವಾಪಸ್ ಬನ್ನಿ. ಹಡಗು ದಡಕ್ಕೆ ತಾಗದೆ ದೂರ ನಿಂತು ಸಣ್ಣ ದೋಣಿಯಲ್ಲಿ ಒಯ್ಯುವ ಬಂದರುಗಳಲ್ಲಿ ಸ್ಟ್ರಾಲರ್ ಬಿಟ್ಟು, ಎದೆಗೆ ಕಟ್ಟಿಕೊಳ್ಳುವ ಚೀಲವನ್ನೇ ಒಯ್ಯಿರಿ. ಸ್ಟ್ರಾಲರ್ ತರುವುದಾದರೂ ಮಡಚಿದರೆ ಕೋಲಿನಂತಾಗುವಂಥದ್ದು ಇರಲಿ. ಕ್ಯಾಬಿನ್ ಬಾಗಿಲು ಕಿರಿದು, ಹೊರಗೆ ಕಾರಿಡಾರಿನಲ್ಲಿ ಇಡಲು ಬಿಡುವುದಿಲ್ಲ.

ಅಜ್ಜ-ಅಜ್ಜಿ ಜೊತೆಗಿರುವುದು ನಿಮ್ಮ ಭಾಗ್ಯ, ನಮಗೆ ಅದು ಇರಲಿಲ್ಲ. ಆದರೆ "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂದರೆ ಒಂದು ಗಳಿಗೆ ಯಾರೂ ನೋಡದೇ ಹೋಗಬಹುದು. ಯಾವ ಹೊತ್ತಿಗೆ ಯಾರ ಕಣ್ಣು ಮಗಳ ಮೇಲೆ ಎಂದು ದಿನವೂ ಬೆಳಗ್ಗೆ ಮಾತಾಡಿಕೊಳ್ಳಿ. ಸಾಧ್ಯವಾದರೆ ಅವರ ಕ್ಯಾಬಿನ್ ನಿಮ್ಮದರ ಪಕ್ಕದಲ್ಲೇ, ನಡುವೆ ಬಾಗಿಲು ಇರುವಂಥದ್ದು ಸಿಗುತ್ತದೆಯೇ ಕೇಳಿ. ಮಗಳು ಒಂದು ಕಡೆ ಮಲಗಿದರೆ ನೀವೆಲ್ಲ ಇನ್ನೊಂದು ಕಡೆ ದೀಪ ಹಾಕಿಕೊಂಡು ಕೂರಬಹುದು. ಅಂಥ ಜೋಡಿ ಕೋಣೆಗಳು ಮೊದಲೇ ಖಾಲಿಯಾಗುತ್ತವೆ, ಹಾಗಾಗಿ ಬಾಕಿ ಹಣ ಕಟ್ಟುವ ಕೊನೆಯ ದಿನದವರೆಗೆ ಕಾಯದೆ ಈ ವಾರವೇ ಮಾವನವರ ಕೈಯಲ್ಲಿ ಒಂದು ಫೋನ್ ಮಾಡಿಸಿ. ಹಡಗಿನ ಹೆಸರು, ಎಷ್ಟು ದಿನ ಬರೀ ಸಮುದ್ರದಲ್ಲೇ ಇರುತ್ತೀರಿ ಎಂಬುದನ್ನು ಇಲ್ಲಿ ಬರೆದರೆ ದಿನದ ಹೊಂದಾಣಿಕೆಯ ಬಗ್ಗೆ ಇನ್ನಷ್ಟು ಹೇಳುತ್ತೇನೆ.